ತಾರಸಿಯ ಮೇಲೆ ಹತ್ತು ಲಕ್ಷ

ಬ್ಯಾಡಗಿ ಸೀಮೆಯಲ್ಲಿ ಹುಟ್ಟಿದವರಿಗೆ ಖಾರದ ವಿಷಯದಲ್ಲಿ ಯಾರೂ ಏನೂ ಕಲಿಸಬೇಕಾಗಿಲ್ಲ ಎಂಬ ನಂಬಿಕೆ ನಾಡಿನಲ್ಲಿ ಇದೆ. ಈ ನಂಬಿಕೆ ಹುಟ್ಟಿಸಿದವರೂ ನಾವೇ, ಸಾಕಿ ಬೆಳೆಸಿದವರೂ ನಾವೇ. ಬೆಂಗಳೂರಿಗೆ ಬಂದ ಮೇಲಂತೂ ಅದು ಇನ್ನೂ ಹುಲುಸಾಗುತ್ತದೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ಸಾಂಬಾರು ತುಸು ಖಾರವಾಯಿತೆಂದು ‘ಉಸ್’ ಎಂದರೆ ಸಾಕು, ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ‘ಇದೂ ಒಂದು ಖಾರವೇನ್ರೀ? ನಮ್ಮೂರು ಬ್ಯಾಡಗಿ ಪಕ್ಕ’ ಎನ್ನುತ್ತೇನೆ. ಕೇಳಿದವರು ಗೌರವದಿಂದ ತಲೆಯಾಡಿಸುತ್ತಾರೆ. ಏನೂ ಮಾಡದೆ ಇಷ್ಟು ಅಗ್ಗಕ್ಕೆ ಗೌರವ ಸಿಗುವ ಊರು ಕರ್ನಾಟಕದಲ್ಲಿ ಇನ್ನೊಂದಿರಲಾರದು.

ಇದರಲ್ಲಿ ಒಂದೇ ಒಂದು ಸಣ್ಣ ತೊಡಕಿದೆ. ಬ್ಯಾಡಗಿ ಮೆಣಸಿನಕಾಯಿಗೆ ಅಂಥ ಖಾರವೇನೂ ಇಲ್ಲ.

ಹಂಗಾಮಿನಲ್ಲಿ ಹಾವೇರಿ ಜಿಲ್ಲೆಯ ಆ ಮಾರುಕಟ್ಟೆಗೆ ಹೋದವರಿಗೆ ಗೊತ್ತು: ಕಣ್ಣು ಹಾಯಿಸಿದಷ್ಟೂ ಚೀಲ, ಚೀಲದ ಬಾಯಲ್ಲಿ ಕೆಂಪು, ಬಸ್ಸಿಳಿದವರಿಗೆಲ್ಲ ಮೊದಲು ಒಂದು ಸೀನು. ಗಿಡ್ಡಗೆ, ದಪ್ಪಗೆ, ಮೈಯೆಲ್ಲ ಸುಕ್ಕಾಗಿರುವುದು ಡಬ್ಬಿ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ದೇಶದ ಜನ ಇದನ್ನು ಕೊಳ್ಳುವುದು ಬಣ್ಣಕ್ಕೆ. ಸಾರಿನಪುಡಿ ಮಾಡುವ ಯಾವ ಗೃಹಿಣಿಯನ್ನು ಕೇಳಿದರೂ ‘ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಬ್ಯಾಡಗಿ ಕಾಯಿಯಿಂದ ತೆಗೆಯುವ ಓಲಿಯೊರೆಸಿನ್ ಎಂಬ ಕೆಂಪು ಸಾರ ತಿನಿಸುಗಳಿಗೆ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೆ ಹೋಗುತ್ತದೆ, ಉಗುರಿನ ಬಣ್ಣಕ್ಕೂ ಹೋಗುತ್ತದೆ. ಅಂದರೆ ನಮ್ಮೂರ ಮೆಣಸಿನಕಾಯಿ ಜನರ ತುಟಿ ಸುಡುವುದಕ್ಕಿಂತ ತುಟಿಗೆ ರಂಗು ಬಳಿದದ್ದೇ ಹೆಚ್ಚು. ಕ್ಯಾಂಟೀನಿನಲ್ಲಿ ಈ ಭಾಗವನ್ನು ನಾನು ಹೇಳುವುದಿಲ್ಲ.

ಊರಿನ ಕೀರ್ತಿಯನ್ನು ತಾರಸಿಯ ಮೇಲೂ ಸ್ಥಾಪಿಸಬೇಕೆಂಬ ಯೋಚನೆ ಬಂದದ್ದು ಅಡುಗೆಮನೆಯಲ್ಲಿ. ಒಣಮೆಣಸಿನಕಾಯಿ ಡಬ್ಬಿಯ ತಳದಲ್ಲಿ ಉದುರಿಬಿದ್ದ ಬೀಜಗಳನ್ನು ಹೆಂಡತಿ ಕಸಕ್ಕೆ ಸುರಿಯುತ್ತಿದ್ದಳು. ತಡೆದೆ. ಗ್ರೋ ಬ್ಯಾಗ್, ಕೋಕೋಪೀಟ್, ಎರೆಗೊಬ್ಬರ, ಕೈಗವಸು, ಪುಟ್ಟ ಗುದ್ದಲಿ, ಅದಕ್ಕಿಂತ ಪುಟ್ಟದಾದ ಇನ್ನೊಂದು ಗುದ್ದಲಿ ಎಲ್ಲವೂ ಆನ್‌ಲೈನಿನಲ್ಲಿ ಬಂದವು. ಕೈಗವಸು ಬಂದಿತ್ತೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದು ಇಂದಿಗೂ ಕವರಿನಲ್ಲೇ ಇದೆ.

ಸಸಿಗಳೇನೋ ಎದ್ದವು. ಎದ್ದ ಕೂಡಲೇ ಮುದುರಿದವು. ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕರು ಬ್ಯಾಂಕಿನಿಂದ ನಿವೃತ್ತರಾಗಿ ಗುಲಾಬಿ ಬೆಳೆಸುತ್ತಾರೆ. ಅವರು ಕನ್ನಡಕ ಏರಿಸಿ ನೋಡಿ ಪಾಠ ಶುರು ಮಾಡಿದರು: ಎಲೆ ಮೇಲ್ಮುಖವಾಗಿ ಮುದುರಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುರಿದರೆ ಮೈಟ್ ನುಸಿ, ಬಿಳಿನೊಣ ಬಂದರೆ ಅದರ ಬೆನ್ನಿಗೇ ವೈರಸ್ಸಿನ ಮುಟುರು ರೋಗ. ನನ್ನ ಗಿಡಗಳಲ್ಲಿ ಕೆಲವು ಎಲೆ ಮೇಲಕ್ಕೂ ಕೆಲವು ಕೆಳಕ್ಕೂ ಮುದುರಿದ್ದವು. ಮುದುರದೆ ಉಳಿದ ಎಲೆಯ ಅಡಿಯಲ್ಲಿ ಬಿಳಿನೊಣಗಳು ಸಂಸಾರ ಹೂಡಿದ್ದವು. ಮಾಲೀಕರು, ‘ಎಲ್ಲವನ್ನೂ ಒಂದೇ ಕಡೆ ನೋಡೋದು ಅಪರೂಪ’ ಎಂದರು. ನನಗೆ ಅದೂ ಪ್ರಶಂಸೆಯಾಗಿಯೇ ಕೇಳಿಸಿತು.

ಔಷಧಕ್ಕೆ ಬರವಿರಲಿಲ್ಲ. ಮಾಲೀಕರು ಬೇವಿನೆಣ್ಣೆಗೆ ಚೂರು ಸೋಪು ಕದಡಿ ಹೊಡೆಯಿರಿ ಎಂದರು. ಊರಿನಿಂದ ಅವ್ವ ಫೋನಿನಲ್ಲಿ, ‘ಹುಳಿಮಜ್ಜಿಗಿ ಹೊಡಿ ತಮ್ಮಾ, ತಾನs ಸರಿ ಹೋಗ್ತೈತಿ’ ಎಂದಳು. ಆಫೀಸಿನ ಸಾವಯವ ಪ್ರೇಮಿಯೊಬ್ಬರು ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿ ಅರೆದು ಸೋಸಿದ ಕಷಾಯವೇ ಶ್ರೇಷ್ಠ ಎಂದರು. ಹೀಗಾಗಿ ಮೆಣಸಿನ ಗಿಡ ಉಳಿಸುವುದಕ್ಕಾಗಿ ನಾನು ಅಂಗಡಿಯಿಂದ ಮೆಣಸಿನಕಾಯಿ ಕೊಂಡು ತಂದು ಅರೆಯುವ ಪ್ರಸಂಗ ಬಂತು. ಯಾರ ಮನಸ್ಸೂ ನೋಯಬಾರದೆಂದು ಮೂರನ್ನೂ ಹೊಡೆದೆ. ತಾರಸಿಯ ಮೇಲೆ ಎಣ್ಣೆ, ಮಜ್ಜಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ ಎಲ್ಲ ಕೂಡಿ ಎದ್ದ ವಾಸನೆಗೆ ಹೆಂಡತಿ ಬಂದು, ‘ಒಂದೆಸಳು ಕರಿಬೇವು ಹಾಕ್ರಿ, ಮಜ್ಜಿಗಿಹುಳಿ ಆಕ್ಕೇತಿ’ ಎಂದಳು.

ಆಮೇಲೆ ಗೊಬ್ಬರ. ನಮ್ಮಲ್ಲಿ ಅತಿಥಿಗೆ ಬಡಿಸುವಾಗ ಸಾಕು ಎಂದರೂ ಕೇಳುವ ಪದ್ಧತಿ ಇಲ್ಲ. ಗಿಡಕ್ಕೂ ಅದೇ ಮರ್ಯಾದೆ ಮಾಡಿದೆ. ಸಾರಜನಕ ಮಿತಿಮೀರಿದರೆ ಮೆಣಸಿನ ಗಿಡ ಬರೀ ಎಲೆ ಬಿಡುತ್ತದೆ, ಹೂವಿನ ಗೊಡವೆಗೆ ಹೋಗುವುದಿಲ್ಲ. ಬಿಟ್ಟ ನಾಲ್ಕು ಹೂವೂ ನೀರು ಹೆಚ್ಚಾಗಿ ಉದುರಿದವು. ಅಂತೂ ಕಡೆಗೆ ಸಿಕ್ಕ ಹಿಡಿಯಷ್ಟು ಕಾಯಿಗೆ ಲೆಕ್ಕ ಹಾಕಿದರೆ, ಒಂದೊಂದಕ್ಕೂ ತಗುಲಿದ ಖರ್ಚಿನಲ್ಲಿ ಅರ್ಧ ಕಿಲೋ ಬ್ಯಾಡಗಿ ಕೊಂಡು ತರಬಹುದಿತ್ತು. ಅದನ್ನು ಒಣಗಿಸಿ, ಪುಡಿ ಮಾಡಿ, ಸಾರು ಕುದಿಸಿದ್ದಾಯಿತು. ಹೆಂಡತಿ ಸುರಿದುಕೊಂಡು ತೀರ್ಪು ಕೊಟ್ಟಳು: ‘ಬಣ್ಣ ಛಲೋ ಬಂದೇತ್ರಿ. ಇನ್ನ ಖಾರ ಹಾಕ್ರಿ.’

ಇಂಥ ಮನಃಸ್ಥಿತಿಯಲ್ಲಿದ್ದಾಗ ಕ್ಯಾಂಟೀನಿನ ನನ್ನ ಭಾಷಣಗಳನ್ನು ಬಹಳ ಕಾಲದಿಂದ ಮೌನವಾಗಿ ಕೇಳುತ್ತಿದ್ದ ಅಸ್ಸಾಮಿನ ಹುಡುಗನೊಬ್ಬ, ಬಿಹು ಹಬ್ಬಕ್ಕೆ ಊರಿಗೆ ಹೋಗಿ ಬಂದವನು, ಟಿಶ್ಯೂ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟ. ಒಳಗೆ ಹೆಬ್ಬೆರಳು ಗಾತ್ರದ, ತೊಗಲೆಲ್ಲ ಗುಳ್ಳೆಗುಳ್ಳೆಯಾದ, ಕಿತ್ತಳೆಗೆಂಪಿನ ಕಾಯಿಗಳು. ಮೂಗಿಗೆ ಹಿಡಿದರೆ ಮಾಗಿದ ಹಣ್ಣಿನ ಪರಿಮಳ. ‘ಭೂತ್ ಜೊಲೊಕಿಯಾ. ನೋಡಿಕೊಂಡು ಬಳಸಿ ಸರ್’ ಎಂದ. ನಾನು ನಕ್ಕು, ‘ನಮ್ಮೂರು ಬ್ಯಾಡಗಿ ಪಕ್ಕ’ ಎಂದೆ. ಅವನೂ ನಕ್ಕ. ಎರಡೂ ನಗು ಒಂದೇ ಬಗೆಯದಲ್ಲ ಎಂಬುದನ್ನು ಆಗ ಗಮನಿಸಲಿಲ್ಲ.

ಮನೆಗೆ ಬಂದು ಆ ಕಾಯಿಯ ಜಾತಕ ಓದಿದೆ. 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ದಾಖಲೆ. ಖಾರದ ಅಳತೆ ಹತ್ತು ಲಕ್ಷ ಸ್ಕೋವಿಲ್ ದಾಟಿದ ಮೊದಲನೆಯದು. ಆಮೇಲೆ ಅಮೆರಿಕದ ಕೆರೊಲಿನಾ ರೀಪರ್ ಬಂದು 2013ರಲ್ಲಿ ದಾಖಲೆ ಹಿಡಿಯಿತು, 2023ರಲ್ಲಿ ಅದೇ ತಳಿಗಾರ ಎಡ್ ಕರಿಯ ಪೆಪ್ಪರ್ ಎಕ್ಸ್ 26,93,000 ಮುಟ್ಟಿತು. ಆದರೂ ನಮ್ಮ ದೇಶದ ಮಟ್ಟಿಗೆ ಭೂತವೇ ದೊಡ್ಡದು. ಇದರ ನೆಂಟನಾದ ನಾಗಾ ಮೆಣಸಿಗೆ ನಾಗಾಲ್ಯಾಂಡಿನ ಹೆಸರಿನಲ್ಲಿ 2008ರಲ್ಲೇ ಜಿಐ ಸಿಕ್ಕಿದೆ, ನಮಗಿಂತ ಮೊದಲು. ಅಸ್ಸಾಮಿನ ಹಳ್ಳಿಗಳಲ್ಲಿ ಇದನ್ನು ಗ್ರೀಸಿನ ಜೊತೆ ಕಲಸಿ ಬೇಲಿಯ ಹಗ್ಗಕ್ಕೆ ಬಳಿಯುತ್ತಾರೆ, ಆನೆ ಹೊಲಕ್ಕೆ ಬಾರದಿರಲಿ ಎಂದು. ಡಿಆರ್‌ಡಿಒ ವಿಜ್ಞಾನಿಗಳು ಇದರ ಪುಡಿಯಿಂದ ಗಲಭೆ ಚದುರಿಸುವ ಗ್ರೆನೇಡ್ ಮಾಡಿದ್ದಾರೆ. ಆನೆಯೂ ಗಲಭೆಕೋರರೂ ಓಡುವ ಪದಾರ್ಥವನ್ನು ನಾನು ಊಟಕ್ಕೆಂದು ಬೆಳೆಯಲು ಹೊರಟಿದ್ದೆ.

ಸ್ಕೋವಿಲ್ ಎಂದರೇನೆಂದು ಮಗಳು ಕೇಳಿದಳು. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಮಾಡಿದ ಉಪಾಯವಿದು. ಒಣಗಿಸಿದ ಮೆಣಸಿನಕಾಯಿಯ ಸಾರ ತೆಗೆದು, ಅದಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗಿ, ಕೆಲವರಿಗೆ ನೆಕ್ಕಿಸುವುದು. ಎಷ್ಟು ಪಾಲು ನೀರು ಸೇರಿದ ಮೇಲೆ ಖಾರ ತಿಳಿಯದಾಗುತ್ತದೋ ಅದೇ ಅದರ ಅಂಕ. ಮಗಳು ಲೆಕ್ಕದಲ್ಲಿ ಚುರುಕು. ‘ಹಾಗಾದ್ರೆ ಒಂದು ಮಿಲಿಲೀಟರ್ ಸಾರಕ್ಕೆ ಸಾವಿರ ಲೀಟರ್ ನೀರು. ನಮ್ಮ ತಾರಸಿಯ ಟ್ಯಾಂಕು ತುಂಬ ಅಲ್ವಾ ಅಪ್ಪಾಜಿ?’ ಎಂದಳು. ನಾನು ಹೆಮ್ಮೆಯಿಂದ ಅವಳ ಬೆನ್ನು ತಟ್ಟಿದೆ. ಲೆಕ್ಕ ಸರಿಯಾಗಿತ್ತು, ಅದರಿಂದ ತಿಳಿದುಕೊಳ್ಳಬೇಕಾದ್ದನ್ನು ತಿಳಿದುಕೊಳ್ಳುವ ಕೆಲಸ ನನ್ನದಾಗಿತ್ತು.

ಇಂಥ ಅತಿ ಖಾರದ ತಳಿಗಳ ಬೀಜ ಮೊಳೆಯಲು ವಾರಗಟ್ಟಲೆ ಹಿಡಿಯುತ್ತದೆ. ನಾನು ದಿನಾ ಬೆಳಿಗ್ಗೆ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದೆ. ಒಂದು ದಿನ ಹಸಿರು ಚಿಗುರಿತು. ಬಿಸಿಲಿಗೆ ಬಾಡೀತೆಂದು ನೆರಳುಬಲೆ ಕಟ್ಟಿದೆ. ಗೇಣುದ್ದ ಬೆಳೆದಾಗ ಕೋಲು ನೆಟ್ಟು ಆಸರೆ ಕೊಟ್ಟೆ. ಬಿಳಿ ಹೂವು ಬಂತು, ಗೊಂಚಲು ಗೊಂಚಲಾಗಿ ಹಸಿರು ಕಾಯಿ ಬಂತು, ಕಾಯಿ ದುಂಡಗೆ ಬಂತು. ಹೊಸ ತಳಿ, ಹೀಗೂ ಇರಬಹುದು ಎಂದುಕೊಂಡೆ. ವಿಡಿಯೋ ಕಾಲ್ ಮಾಡಿ ಅವ್ವನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ‘ಅದು ಕಾಗಿಹಣ್ಣಿನ ಗಿಡ ಅಲ್ಲೇನೋ? ಹಿತ್ತಲದಾಗ ದನಾ ತುಳಿದ್ರೂ ಬರ್ತೈತಿ. ಅದಕ್ಕ ಕೋಲು ಯಾಕ ಕಟ್ಟೀದಿ?’ ಎಂದಳು. ಗಣಿಕೆ ಸೊಪ್ಪು ಎಂದು ಬೆಂಗಳೂರಿನಲ್ಲಿ ಮಾರುತ್ತಾರಲ್ಲ, ಅದೇ. ಮೆಣಸು, ಬದನೆ, ಟೊಮೇಟೊ ಎಲ್ಲ ಒಂದೇ ಮನೆತನದವಾದ್ದರಿಂದ ಎಳೆಯದಾಗಿದ್ದಾಗ ಮುಖ ಹೋಲುತ್ತದೆ ಎಂದು ಅವ್ವನಿಗೆ ಸಸ್ಯಶಾಸ್ತ್ರ ವಿವರಿಸಲು ಹೋದೆ. ನೆಟ್‌ವರ್ಕ್ ಸರಿ ಇಲ್ಲ ಎಂದು ಅವಳು ಫೋನಿಟ್ಟಳು.

ಅದರ ನೆರಳಿನಲ್ಲಿ, ನಾನು ನೋಡದಿದ್ದ ಮೂಲೆಯಲ್ಲಿ, ನಿಜವಾದ ಸಸಿ ತನ್ನ ಪಾಡಿಗೆ ತಾನು ಎದ್ದಿತ್ತು. ನನ್ನ ಆರೈಕೆ ಸಿಗದಿದ್ದ ಕಾರಣವೇ ಇರಬೇಕು, ಬಲು ಪುಷ್ಟಿಯಾಗಿತ್ತು. ಹೂವು ಬಿಟ್ಟ ಮೇಲೆ ಪರಾಗ ಉದುರಲಿ ಎಂದು ಬೆರಳಿನಿಂದ ಒಂದೊಂದು ಹೂವಿಗೂ ಮೆಲ್ಲಗೆ ತಟ್ಟಬೇಕೆಂದು ಓದಿದ್ದೆ. ಬೆಳಿಗ್ಗೆ ಎದ್ದು ತಟ್ಟುತ್ತಿದ್ದರೆ ಬಟ್ಟೆ ಒಣಹಾಕಲು ಬಂದ ಹೆಂಡತಿ ಕೇಳಿದಳು: ‘ಅವಕ್ಯಾಕ ಚಿಟಕಿ ಹೊಡಿಯಾಕತ್ತೀರಿ? ಎಬ್ಬಸಬೇಕೇನು?’ ಎಬ್ಬಿಸಬಾರದಿತ್ತು. ಕಾಯಿ ನೇತಾಡತೊಡಗಿದವು, ಹಸಿರು ಹೋಗಿ ಕಿತ್ತಳೆಯಾಗಿ ಕೆಂಪಾದವು.

ಮೊದಲು ಹಣ್ಣಾದದ್ದನ್ನು ನಾನು ಕೀಳುವ ಮುನ್ನ ಒಂದು ಪಿಕಳಾರ ಹಕ್ಕಿ ಕೊಕ್ಕಿನಲ್ಲಿ ಕಿತ್ತುಕೊಂಡಿತು. ನಾನು ಉಸಿರು ಬಿಗಿಹಿಡಿದೆ. ಹಕ್ಕಿ ಕೇಬಲ್ ತಂತಿಯ ಮೇಲೆ ಕೂತು, ಹಣ್ಣನ್ನು ಹಿಂಡಿ ನುಂಗಿ, ಕೊಕ್ಕನ್ನು ತಂತಿಗೆ ಅತ್ತ ಒಮ್ಮೆ ಇತ್ತ ಒಮ್ಮೆ ಒರೆಸಿ, ಜುಟ್ಟು ನಿಮಿರಿಸಿ ಸೊಗಸಾಗಿ ಹಾಡಿತು. ಮತ್ತೆ ಬಂದು ಇನ್ನೊಂದು ಒಯ್ದಿತು. ಅಂಗೈಯಗಲದ ಪ್ರಾಣಿ ಎರಡು ತಿಂದು ಹಾಡುತ್ತದೆಂದರೆ ಹತ್ತು ಲಕ್ಷದ ಕತೆಯೆಲ್ಲ ಅಸ್ಸಾಮಿನವರ ಊರಭಿಮಾನ ಎಂದು ತೀರ್ಮಾನಿಸಿದೆ. ಊರಭಿಮಾನ ಎಷ್ಟರಮಟ್ಟಿಗೆ ಹೋಗಬಲ್ಲದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉಳಿದದ್ದನ್ನೆಲ್ಲ ಕಿತ್ತು ರಂಜಕ ಮಾಡಲು ನಿಂತೆ. ನಮ್ಮ ಕಡೆ ಕೆಂಪು ಹಿಂಡಿ ಎಂದೂ ಕರೆಯುತ್ತಾರೆ. ಹಣ್ಣುಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಜೀರಿಗೆ, ಹುರಿದ ಮೆಂತ್ಯದ ಪುಡಿ, ಹುಣಸೆಹಣ್ಣು, ಚೂರು ಬೆಲ್ಲ ಹಾಕಿ ರುಬ್ಬಿ ಇಟ್ಟು, ಬೇಕಾದಾಗ ಮೇಲೆ ಎಣ್ಣೆ ಬಿಟ್ಟು ರೊಟ್ಟಿಗೆ ಹಚ್ಚಿಕೊಳ್ಳುವುದು. ಅಳತೆ ಅವ್ವನದು, ಕಾಯಿ ಮಾತ್ರ ಅಸ್ಸಾಮಿನದು.

ಅದು ಮನೆಯಿಂದಲೇ ಆಫೀಸು ಮಾಡುವ ದಿನ. ಮಧ್ಯಾಹ್ನದ ಮೀಟಿಂಗಿಗೆ ಇನ್ನೂ ಹೊತ್ತಿತ್ತು. ಬರಿಗೈಯಲ್ಲಿ ಒಂದೊಂದು ಕಾಯನ್ನೂ ಸೀಳಿದೆ. ಖಾರ ಬೀಜದಲ್ಲಿರುತ್ತದೆ ಎಂದು ತಿಳಿದು ಬೀಜ ಉದುರಿಸಿ, ಒಳಗಿನ ಬಿಳಿಯ ತಿರುಳನ್ನು ಜೋಪಾನವಾಗಿ ಉಳಿಸಿಕೊಂಡೆ. ಕ್ಯಾಪ್ಸೈಸಿನ್ ಎಂಬ ಖಾರದ ವಸ್ತು ತಯಾರಾಗುವುದು ಆ ಬಿಳಿಯ ತಿರುಳಿನಲ್ಲೇ ಎಂಬುದು ಪುಸ್ತಕದ ಮುಂದಿನ ಪುಟದಲ್ಲಿತ್ತು. ಮಿಕ್ಸಿಗೆ ಹಾಕಿ ಗರ್ರೆನ್ನಿಸಿ, ಮುಚ್ಚಳ ತೆಗೆದು, ನಯವಾಯಿತೇ ಎಂದು ಬಗ್ಗಿ ನೋಡಿದೆ.

ನೋಡಿದ್ದೇ ಕೊನೆ. ಮೂಗಿನೊಳಗೆ ಹೋದ ಘಾಟು ಎಲ್ಲಿಂದ ಹೊರಬರಬೇಕೆಂದು ತಿಳಿಯದೆ ಕಿವಿಯವರೆಗೂ ಓಡಾಡಿತು. ಕೆಮ್ಮು ಬಂತು, ಕೆಮ್ಮುವುದಕ್ಕೆ ಉಸಿರು ಎಳೆದರೆ ಇನ್ನಷ್ಟು ಘಾಟು ಬಂತು. ನಡುಮನೆಯಲ್ಲಿ ಮಗಳು ಕೆಮ್ಮತೊಡಗಿದಳು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದಳು. ತೆರೆದದ್ದರಿಂದ ಕೆಳಗಿನ ಮನೆಯ ಮಾಲೀಕರೂ ಎದುರುಮನೆಯವರೂ ಸೀನಿದರು. ನೀರು ಬಂದ ಕಣ್ಣನ್ನು ನಾನು ಕೈಯಿಂದ ಒರೆಸಿಕೊಂಡೆ. ಯಾವ ಕೈ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ, ಆದರೆ ಲೋಕಹಿತಕ್ಕಾಗಿ ಹೇಳುತ್ತೇನೆ. ಜನ ಸಾಮಾನ್ಯವಾಗಿ ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಕೈ ತೊಳೆಯುತ್ತಾರೆ. ಮೆಣಸಿನಕಾಯಿ ಹೆಚ್ಚಿದವರು ಹೋಗುವ ಮೊದಲು ತೊಳೆಯಬೇಕು. ಇದಕ್ಕಿಂತ ಹೆಚ್ಚು ವಿವರ ಮರ್ಯಾದಸ್ಥರ ಪತ್ರಿಕೆಯಲ್ಲಿ ಸಾಧ್ಯವಿಲ್ಲ.

ತಣ್ಣೀರು ಸುರಿದಷ್ಟೂ ಉರಿ ಹರಡಿತು. ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಹೆಂಡತಿಗೆ ಈ ರಸಾಯನಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕೈಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದು, ಬೋಗುಣಿ ತುಂಬ ಮೊಸರು ಸುರಿದು, ‘ಕೈ ಅದ್ದಿಕೊಂಡು ಸುಮ್ನ ಕುಂದರ್ರಿ’ ಎಂದಳು. ಕೂತೆ. ಅಷ್ಟರಲ್ಲಿ ಲ್ಯಾಪ್‌ಟಾಪು ಮೀಟಿಂಗಿಗೆ ಕೂಗಿತು.

ಎರಡೂ ಕೈ ಮೊಸರಿನಲ್ಲಿದ್ದುದರಿಂದ ಮೊಣಕೈಯಿಂದ ಒತ್ತಿದೆ. ಧ್ವನಿಯ ಬದಲು ಕ್ಯಾಮೆರಾ ಚಾಲೂ ಆಯಿತು. ಪರದೆಯ ತುಂಬ ನನ್ನ ಮುಖ: ಕೆಂಡದ ಕಣ್ಣು, ಸುರಿಯುವ ಮೂಗು, ಕೆನ್ನೆಯ ಮೇಲೆ ಧಾರಾಕಾರ ನೀರು. ಮ್ಯಾನೇಜರು ಮಾತು ನಿಲ್ಲಿಸಿ, ‘ಏನಾಯ್ತು? ಮನೇಲಿ ಎಲ್ಲ ಕ್ಷೇಮಾನಾ?’ ಎಂದರು. ಗಂಟಲಿನಿಂದ ಸ್ವರ ಹೊರಡಲಿಲ್ಲ. ತಲೆ ಅಲ್ಲಾಡಿಸಿದೆ. ಅದೇ ಹೊತ್ತಿಗೆ ಹಿನ್ನೆಲೆಯಲ್ಲಿ ಮಗಳು ಬಿಕ್ಕಳಿಸಿದಳು, ಹೆಂಡತಿ ‘ಅಯ್ಯೋ ಶಿವನೇ, ಇನ್ನ ನಾವು ಏನ್ ಮಾಡೂದು’ ಎಂದು ಕಿಟಕಿಯ ಬಳಿ ಗೋಳಾಡಿದಳು. ಅವಳು ಕೇಳಿದ್ದು ರುಬ್ಬಿದ ಹಿಂಡಿಯ ಬಗ್ಗೆ. ಮ್ಯಾನೇಜರು ದನಿ ತಗ್ಗಿಸಿ, ‘ಹಿರಿಯರಾ?’ ಎಂದರು. ನಾನು ಕೆಮ್ಮು ತಡೆಯಲು ತಲೆ ಬಗ್ಗಿಸಿದೆ. ‘ನೀವು ಹೊರಡಿ, ಕೆಲಸ ನಾವು ನೋಡ್ಕೋತೀವಿ’ ಎಂದು ಅವರೇ ನನ್ನನ್ನು ಮೀಟಿಂಗಿನಿಂದ ಹೊರಗೆ ಕಳಿಸಿದರು.

ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸಂಜೆಯವರೆಗೆ ‘ಓಂ ಶಾಂತಿ’ಗಳೂ ಮುಗಿದ ಕೈಗಳೂ ಬಂದವು. ಅಸ್ಸಾಮಿನ ಹುಡುಗ ಮಾತ್ರ ಗುಂಪಿನಲ್ಲಿ ಏನೂ ಹಾಕಲಿಲ್ಲ. ನನಗೊಬ್ಬನಿಗೇ ಕಳಿಸಿದ: ‘ಬೀಜ ಚೆನ್ನಾಗಿ ಮೊಳೀತಾ ಸರ್?’

ಅವ್ವನಿಗೆ ಫೋನಿನಲ್ಲಿ ಓಣಿಗೆಲ್ಲ ಘಾಟು ಹೋದ ಸುದ್ದಿ ಹೇಳಿದೆ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ಕೆಟ್ಟ ದೃಷ್ಟಿ ತಾಗಿದೆ ಎಂದು ಅವಳ ಲೆಕ್ಕ. ಸಮಾಧಾನದ ಉಸಿರು ಬಿಟ್ಟು, ‘ಅಷ್ಟು ಘಾಟು ಬಂತಂದ್ರ ನಿನ್ನ ಮ್ಯಾಲೆ ಯಾರ ಕಣ್ಣೂ ಬಿದ್ದಿಲ್ಲ ಬಿಡು’ ಎಂದಳು. ನನ್ನ ತೋಟ ನೋಡಿದ ಯಾರಿಗೂ ಹೊಟ್ಟೆಕಿಚ್ಚು ಬಂದಿರಲಿಲ್ಲ ಎಂಬುದು ಇಷ್ಟು ಶಾಸ್ತ್ರೀಯವಾಗಿ ಸಾಬೀತಾದದ್ದು ಅದೇ ಮೊದಲು.

ಹಿಂಡಿಯನ್ನು ಚೆಲ್ಲಬೇಕೆಂದು ಹೆಂಡತಿ. ಇಷ್ಟು ಕಷ್ಟಪಟ್ಟದ್ದನ್ನು ಚೆಲ್ಲುವುದೆಂತು ಎಂದು ನಾನು. ಆ ಭಾನುವಾರ ಬಳ್ಳಾರಿಯಲ್ಲಿ ನೌಕರಿಯಲ್ಲಿರುವ ಅವಳ ತಮ್ಮ ಊಟಕ್ಕೆ ಬಂದ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಲ್ಲ ಇದ್ದವು. ನಾನು ನಡುವೆ ಆ ಬಾಟಲಿಯನ್ನೂ ಇಟ್ಟೆ. ಹೆಂಡತಿ, ‘ನೋಡಿ ಹಚ್ಚಿಕೋ’ ಎಂದಳು. ‘ಅಕ್ಕಾ, ಬಳ್ಳಾರಿ ಬಿಸಲಾಗ ಇರೋನಿಗೆ ಇದ್ಯಾವ ಲೆಕ್ಕ’ ಎಂದು ಅವನು ರೊಟ್ಟಿಗೆ ಬೆಣ್ಣೆಯ ಹದದಲ್ಲಿ ಬಳಿದ. ಅವನು ಅಷ್ಟು ಹಚ್ಚಿಕೊಂಡ ಮೇಲೆ ಬ್ಯಾಡಗಿಯವನು ಕಡಿಮೆ ಹಚ್ಚಿಕೊಳ್ಳಲು ಬರುತ್ತದೆಯೇ?

ಮೊದಲ ತುತ್ತಿಗೆ ಹಣ್ಣಿನ ಸಿಹಿ. ಇಬ್ಬರೂ ಮುಖ ಮುಖ ನೋಡಿಕೊಂಡು ತಲೆದೂಗಿದೆವು. ಈ ಕಾಯಿಯ ಗುಣವೇ ಅದು. ಖಾರ ತಡೆದು ಬರುತ್ತದೆ, ಬಂದದ್ದು ಏರುತ್ತಲೇ ಹೋಗುತ್ತದೆ. ‘ಹೆಂಗೈತಿ?’ ಎಂದೆ. ‘ಆಗಬೌದು ಮಾಮಾ. ಉಪ್ಪು ಒಂದೀಟು ಕಡಿಮಿ’ ಎಂದ. ಅವನ ಕಿವಿ ಕೆಂಪಾಗಿತ್ತು. ಬೋಳುತಲೆಯ ಮೇಲೆ ಬೆವರಿನ ಹನಿ ಒಂದೊಂದಾಗಿ ಮೂಡಿ, ಕೂಡಿ, ಹುಬ್ಬಿನ ಕಡೆ ಇಳಿಯಿತು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ, ಗುಳಿಕಕಾಲಗಳನ್ನು ತದೇಕಚಿತ್ತದಿಂದ ಓದತೊಡಗಿದ. ನಾನು ಫ್ಯಾನು ಎಣಿಸುತ್ತಿದ್ದೆ. ಇದ್ದದ್ದು ಒಂದೇ ಫ್ಯಾನು, ಹಲವು ಕಾಣಿಸುತ್ತಿದ್ದವು. ಯಾರು ಮೊದಲು ಚೊಂಬಿಗೆ ಕೈ ಹಾಕುತ್ತಾರೆ ಎಂಬುದರ ಮೇಲೆ ಎರಡು ಜಿಲ್ಲೆಗಳ ಮಾನ ನಿಂತಿತ್ತು. ಕಡೆಗೆ ಅವನಿಗೆ ಬಿಕ್ಕಳಿಕೆ ಬಂತು, ನನಗೂ ಬಂತು. ಸರದಿಯ ಮೇಲೆ ಬಿಕ್ಕುತ್ತ ಕೂತ ನಮ್ಮನ್ನು ನೋಡಲಾರದೆ ಮಗಳು ಫ್ರಿಜ್ಜಿನಿಂದ ಮೊಸರಿನ ಗಡಿಗೆ ತಂದಿಟ್ಟಳು. ಬಳ್ಳಾರಿ ಲೋಟದ ದಾರಿ ಕಾಯದೆ ಗಡಿಗೆ ಎತ್ತಿತು. ಹಾವೇರಿಗೆ ಹಾಲಿನ ಪಾಕೀಟು ಉಳಿಯಿತು. ಹಲ್ಲಿನಿಂದ ಕಚ್ಚಿ ತೆರೆಯಿತು.

ಹಾಗಾದರೆ ಆ ಹಕ್ಕಿ? ಅದರ ಹಿಂದೆ ಬಿದ್ದು ಓದಿದೆ. ನಮ್ಮ ನಾಲಿಗೆ, ಚರ್ಮದ ನರಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಅದರ ಕೆಲಸ 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗಿದಾಗ ಮಿದುಳಿಗೆ ‘ಸುಟ್ಟಿತು’ ಎಂದು ಸುದ್ದಿ ಮುಟ್ಟಿಸುವುದು. ಕ್ಯಾಪ್ಸೈಸಿನ್ ಹೋಗಿ ಅದೇ ಗುಂಡಿ ಒತ್ತುತ್ತದೆ. ಬೆಂಕಿ ಇಲ್ಲ, ಬೆಂಕಿಯ ಸುದ್ದಿ ಮಾತ್ರ. ಮೆಣಸಿನಕಾಯಿಯ ಈ ವಸ್ತುವನ್ನೇ ಹಿಡಿದು 1997ರಲ್ಲಿ ಆ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ವೈದ್ಯಕೀಯದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಹಕ್ಕಿಗಳಲ್ಲಿರುವ ಈ ಗ್ರಾಹಕಕ್ಕೆ ಕ್ಯಾಪ್ಸೈಸಿನ್ ತಾಗುವುದೇ ಇಲ್ಲ. ಪ್ರಾಣಿಗಳು ಬೀಜವನ್ನು ಅಗಿದು ಹಾಳು ಮಾಡುತ್ತವೆ, ಹಕ್ಕಿಗಳು ಇಡಿಯಾಗಿ ನುಂಗಿ ದೂರ ಒಯ್ದು ಹಾಕುತ್ತವೆ. ಆದ್ದರಿಂದ ಹಕ್ಕಿಗೆ ಹಣ್ಣು, ಅಗಿಯುವವರಿಗೆ ಘಾಟು ಎಂದು ಗಿಡ ಮಾಡಿಕೊಂಡ ವ್ಯವಸ್ಥೆ ಇದು. ಇಷ್ಟನ್ನೂ ಹೆಂಡತಿಗೆ ವಿವರಿಸಿದೆ. ‘ನೊಬೆಲ್ ಅವರಿಗೆ, ಉರಿ ನಮಗ’ ಎಂದಳು.

ಗಿಡ ಈಗಲೂ ಇದೆ. ಮೆಣಸಿನ ಗಿಡ ಒಂದೇ ಹಂಗಾಮಿಗೆ ಮುಗಿಯುವುದಿಲ್ಲ, ಕತ್ತರಿಸಿ ಸವರಿದರೆ ವರ್ಷಗಟ್ಟಲೆ ಬಾಳುತ್ತದೆ. ಪ್ರೀತಿಯಿಂದ ಸಾಕಿದ ಬ್ಯಾಡಗಿ ಗಿಡಗಳೆಲ್ಲ ಸತ್ತವು. ಇದಕ್ಕೆ ಯಾವ ಹುಳವೂ ರೋಗವೂ ಹತ್ತಿರ ಸುಳಿದಿಲ್ಲ. ಹಿಂಡಿಯನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ ನೆರೆಹೊರೆಗೆ ಹಂಚಿದೆ. ಎಲ್ಲರೂ ನಗುನಗುತ್ತಾ ತೆಗೆದುಕೊಂಡರು. ಖಾಲಿ ಪಾತ್ರೆ ಹಿಂತಿರುಗಿಸಬಾರದು ಎಂಬ ನಮ್ಮ ಸಂಪ್ರದಾಯವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದನ್ನು ನಾನು ನೋಡಿಲ್ಲ: ಎಲ್ಲ ಬಾಟಲಿಗಳೂ ತುಂಬಿಯೇ ವಾಪಸು ಬಂದವು. ನಾವು ಈಗ ಒಂದು ಕಾಯಿಗೆ ದಾರ ಕಟ್ಟಿ, ಕುದಿಯುವ ಬೇಳೆಸಾರಿನಲ್ಲಿ ಒಮ್ಮೆ ಅದ್ದಿ, ‘ಸಾಕು’ ಎಂದು ಹೆಂಡತಿ ಕೂಗಿದೊಡನೆ ಎತ್ತುತ್ತೇವೆ. ಸಾರಿಗೆ ಮಾಗಿದ ಹಣ್ಣಿನ ಪರಿಮಳವೂ ಬೇಕಾದಷ್ಟು ಖಾರವೂ ಬರುತ್ತದೆ. ಬಣ್ಣಕ್ಕೆ ಬ್ಯಾಡಗಿ ಹಾಕುತ್ತೇವೆ.

ಮನೆಯಲ್ಲಿ ಬೆಳೆಯಬೇಕೆನ್ನುವವರಿಗೆ ಒಂದೆರಡು ಮಾತು. ಗೊಬ್ಬರ ಹಿಡಿತದಲ್ಲಿರಲಿ, ಮಣ್ಣಿನ ಮೇಲ್ಪದರ ಒಣಗಿದ ಮೇಲೆ ನೀರು ಹಾಕಿ. ಕೈಗವಸನ್ನು ಕವರಿನಿಂದ ಹೊರಗೆ ತೆಗೆಯಿರಿ. ಬಿಳಿಯ ತಿರುಳು ತೆಗೆದುಹಾಕಿ, ಮಿಕ್ಸಿಯ ಮುಚ್ಚಳವನ್ನು ತಕ್ಷಣ ತೆರೆಯಬೇಡಿ, ತೆರೆದರೂ ಬಗ್ಗಿ ನೋಡಬೇಡಿ. ಕೈ ಉರಿದರೆ ಮೊದಲು ಎಣ್ಣೆ, ಆಮೇಲೆ ಸೋಪು. ಬಾಯಿ ಉರಿದರೆ ನೀರಲ್ಲ, ಹಾಲು ಮೊಸರು. ಹಕ್ಕಿ ತಿಂದದ್ದನ್ನು ನೋಡಿ ತಾವೂ ತಿನ್ನಬೇಡಿ. ಬೀಜ ಬೇಕಾದವರು ಧಾರಾಳವಾಗಿ ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಬೀಜದ ಜೊತೆಗೆ ಒಂದು ಬಾಟಲಿ ಹಿಂಡಿಯನ್ನೂ ಕಟ್ಟಿಕೊಡುತ್ತೇನೆ. ಬಾಟಲಿಯನ್ನು ಮಾತ್ರ ದಯವಿಟ್ಟು ವಾಪಸು ತರಬೇಡಿ.